ಯಾಸ್ನಾಳ ಮಗಳು ನಡೆಸಿದ ದೋಣಿ

ವಾಲ್ದೀವಿಯಾ ಊರಿನ ಹೊಳೆದಂಡೆಯ ಮೀನು ಮಾರುಕಟ್ಟೆಯಲ್ಲಿ ಯಾಸ್ನಾ ಬಾರ್ರಿಯಾಳ ಜೊತೆ ಚೌಕಾಸಿಗಿಳಿದು ಗೆದ್ದವರನ್ನು ನಾನು ನೋಡಿಲ್ಲ. ಅವಳ ಕಟ್ಟೆ ನನ್ನ ಕಟ್ಟೆಗೆ ತಾಗಿಕೊಂಡೇ ಇದೆ. ನಾನು ಹೊಗೆಯಲ್ಲಿ ಒಣಗಿಸಿದ ಚಿಪ್ಪುಮೀನಿನ ಸರ ಮಾರುತ್ತೇನೆ, ಅವಳು ಹಸಿ ಮೀನು. ಮೀನು ಸೀಳುವ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಯಾರಾದರೂ ಮೀನನ್ನು ಒತ್ತಿ ಒತ್ತಿ ನೋಡಿದರೆ, "ಸಾಕು ಬಿಡಿ ಕಸೇರಾ, ಅದೇನು ನಿಮ್ಮ ಗಂಡನ ಕೆನ್ನೆಯಾ?" ಎನ್ನುವಳು. ವಾಡಿಕೆಯ ಗಿರಾಕಿಯನ್ನು ಇಲ್ಲಿ ಕಸೇರಾ ಎನ್ನುತ್ತಾರೆ. ಕೊಳ್ಳಲು ಬಂದವರು ನಕ್ಕು, ಮೀನು ಕೊಂಡೇ ಹೋಗುತ್ತಿದ್ದರು. ಹಿಂದೆ ಹೊಳೆಯಿಂದೆದ್ದ ಕಡಲ ಸಿಂಹಗಳು ಕಟ್ಟೆಗೆ ಎದೆಯಾನಿಸಿ ಗೊಗ್ಗರು ದನಿಯಲ್ಲಿ ಕೂಗಿದರೆ ಅವಕ್ಕೂ ಒಂದು ಬೈಗುಳ, ಒಂದು ಹಿಡಿ ಕರುಳು.

ಅವಳಿಗೆ ಒಬ್ಬಳೇ ಮಗಳು, ಐಲಿನ್. ಮಗುವಿನ ಅಪ್ಪ ದಕ್ಷಿಣದ ದ್ವೀಪಗಳ ಕಡೆ ಸಾಲ್ಮನ್ ಮೀನು ಸಾಕುವ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಯಾಸ್ನಾ ಅವನ ಸುದ್ದಿ ಎತ್ತುತ್ತಿರಲಿಲ್ಲ. ಐಲಿನ್ ಶಾಲೆ ಬಿಟ್ಟ ಮೇಲೆ ಮಾರುಕಟ್ಟೆಗೇ ಬರುತ್ತಿದ್ದಳು. ಬಂದಳೆಂದರೆ ನಮಗೆಲ್ಲ ಗೊತ್ತಾಗುತ್ತಿತ್ತು. ಒಂದು ಕಡೆ ಏಡಿಯ ಬುಟ್ಟಿ ಮಗುಚಿ ಬೀಳುತ್ತಿತ್ತು, ಇನ್ನೊಂದು ಕಡೆ ಯಾರದೋ ತಕ್ಕಡಿಯ ಬಟ್ಟಲು ಕಾಣೆಯಾಗುತ್ತಿತ್ತು. ಒಂದು ಮಾತು ಮುಗಿಯುವ ಮೊದಲೇ ನಾಲ್ಕನೆಯ ಮಾತು ಶುರು. ಮೀನುಗಾರರು ಅವಳಿಗೆ ಚಿಗಟ ಎಂದು ಹೆಸರಿಟ್ಟಿದ್ದರು. ಕರೆದರೆ ಅವಳೂ "ಕಚ್ತೀನಿ ನೋಡು" ಎನ್ನುತ್ತ ಓಡುತ್ತಿದ್ದಳು. ಮಾರುಕಟ್ಟೆಯಲ್ಲಿ ಅದು ತಮಾಷೆ. ಶಾಲೆಯಲ್ಲಿ ತಮಾಷೆಯಾಗಿರಲಿಲ್ಲ.

ಎರಡನೆಯ ತರಗತಿಗೆ ಬರುವಷ್ಟರಲ್ಲಿ ಮಿಸ್ ಅವಳ ಮೇಜನ್ನು ಗೋಡೆಗೆ ಮುಖ ಮಾಡಿ ಇಡಿಸಿದ್ದರು. ಶಿಕ್ಷೆ ಅಲ್ಲ, ಎದುರಿಗೆ ಏನೂ ಕಾಣದಿದ್ದರೆ ಗಮನ ನಿಲ್ಲುತ್ತದೆ ಎಂದು. ಆ ಮಿಸ್ ಕೆಟ್ಟವರಲ್ಲ. ತರಗತಿಯ ತುಂಬ ಮಕ್ಕಳು, ಅವರೊಬ್ಬರೇ. ಐಲಿನ್ ಗೋಡೆಯ ಬಣ್ಣವನ್ನು ಉಗುರಿನಿಂದ ಕೆರೆದು ಕೆರೆದು ಒಂದು ದೊಡ್ಡ ಮೀನು ಬರೆದಳು. ಆಮೇಲೆ ಯಾಸ್ನಾಳನ್ನು ಕರೆಸಿದರು.

ಸರಕಾರಿ ದವಾಖಾನೆಯ ಡಾಕ್ಟರು ಪರೀಕ್ಷೆ ಮಾಡಿ ಎ.ಡಿ.ಎಚ್.ಡಿ. ಎಂದರು. ಗಮನ ನಿಲ್ಲದಿರುವುದು, ಮೈ ಸುಮ್ಮನಿರದಿರುವುದು. ಬಹಳ ಮಕ್ಕಳಿಗೆ ಇರುತ್ತದೆ, ಗುಳಿಗೆಯಿಂದ ಹಿಡಿತಕ್ಕೆ ಬರುತ್ತದೆ ಎಂದರು. ಯಾಸ್ನಾಳ ಬೀದಿಯಲ್ಲೇ ಎರಡು ಮನೆಯ ಮಕ್ಕಳಿಗೆ ಆ ಗುಳಿಗೆಯಿಂದ ನಿಜವಾಗಿಯೂ ಒಳ್ಳೆಯದಾಗಿತ್ತು. ಐಲಿನ್‌ಗೆ ಆಗಲಿಲ್ಲ. ಗುಳಿಗೆ ನುಂಗಿದ ದಿನದಿಂದ ಅವಳು ಊಟ ಬಿಟ್ಟಳು. ಸಂಜೆಯ ಚಹಾಕ್ಕೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆಹಣ್ಣು ಹಚ್ಚಿ ಕೊಟ್ಟರೆ ತಟ್ಟೆಯನ್ನೇ ನೋಡುತ್ತ ಕೂರುವಳು. "ಹೊಟ್ಟೆ ಬೇಡ ಅಂತಿದೆ ಅಮ್ಮಾ, ನಾನಲ್ಲ" ಎನ್ನುವಳು. ನಿದ್ದೆಯೂ ಹೋಯಿತು. ಬೆರಳ ತುದಿಯ ಚರ್ಮ ಕಚ್ಚಿ ಕಚ್ಚಿ ರಕ್ತ ಬರುತ್ತಿತ್ತು. ಪ್ರಮಾಣ ಇಳಿಸಿದರು, ಬೇರೆ ಗುಳಿಗೆ ಕೊಟ್ಟರು. ಕೊನೆಗೆ ಅಂಗಿಯೊಳಗೆ ಮಗುವೇ ಇಲ್ಲವೇನೋ ಎನ್ನುವಂತಾದಾಗ ಡಾಕ್ಟರೇ, "ಸದ್ಯಕ್ಕೆ ನಿಲ್ಲಿಸೋಣ" ಎಂದರು. ಅವಳ ಮೇಜು ಗೋಡೆಯ ಕಡೆಗೇ ಉಳಿಯಿತು.

ಅದೇ ಚಳಿಗಾಲದಲ್ಲಿ ರಾಜಧಾನಿಯಿಂದ ಒಂದು ಸಂಶೋಧನಾ ತಂಡ ಬಂದು ಹೊಳೆಯ ಹತ್ತಿರದ ಹಳೆಯ ಮರದ ಮನೆಯೊಂದನ್ನು ಬಾಡಿಗೆಗೆ ಹಿಡಿಯಿತು. ಗುಳಿಗೆ ಇಲ್ಲದೆ ಇಂಥ ಮಕ್ಕಳಿಗೆ ತರಬೇತಿ ಕೊಡುತ್ತಾರಂತೆ, ನ್ಯೂರೋಫೀಡ್‌ಬ್ಯಾಕ್ ಅಂತೆ ಎಂದು ದವಾಖಾನೆಯ ನರ್ಸ್ ಯಾಸ್ನಾಳಿಗೆ ಹೇಳಿದಳು. ಒಬ್ಬಳೇ ಹೋಗಲು ಅಳುಕಿ ಅವಳು ನನ್ನನ್ನೂ ಕರೆದುಕೊಂಡು ಹೋದಳು.

"ನೀನು ಸುಮ್ನೆ ಕೂತ್ಕೋ ಎಲ್ಬಕ್ಕ," ಎಂದಳು ದಾರಿಯಲ್ಲಿ. "ಓದಿದೋರ ಮುಂದೆ ನನ್ನ ಬಾಯಿ ಕಟ್ಟುತ್ತೆ. ಆಮೇಲೆ ಅವರೇನಂದ್ರು ಅಂತ ನೀನು ಹೇಳಬೇಕು."

"ನಿನ್ನ ಬಾಯಿ ಕಟ್ಟೋದಾ? ನೋಡ್ಲೇಬೇಕು ಅದನ್ನ," ಎಂದೆ.

ತಂಡದ ಮುಖ್ಯಸ್ಥೆ ಡಾಕ್ಟರ್ ಎಡಿತ್ ವೈಸ್, ಬೆಳ್ಳಿ ಕೂದಲಿನ, ಮೆಲುಮಾತಿನ ಹೆಂಗಸು. ಏನನ್ನೂ ಮುಚ್ಚಿಡಲಿಲ್ಲ. ತಲೆಯ ಮೇಲೆ ಅಂಟು ಹಚ್ಚಿ ತಂತಿ ಕೂರಿಸುತ್ತೇವೆ, ಮೆದುಳಿನ ಅಲೆಗಳನ್ನು ಯಂತ್ರ ಓದುತ್ತದೆ, ಮಗುವಿನ ಗಮನ ಗಟ್ಟಿಯಾದಾಗ ಪರದೆಯ ಮೇಲಿನ ಚಿತ್ರ ಓಡುತ್ತದೆ, ಗಮನ ಜಾರಿದರೆ ನಿಲ್ಲುತ್ತದೆ, ಹಾಗೆ ಮಾಡುತ್ತ ಮಾಡುತ್ತ ಮೆದುಳು ಕಲಿಯುತ್ತದೆಯೇ ಎಂದು ನೋಡುತ್ತೇವೆ ಎಂದರು. ಆಮೇಲೆ ಹೇಳಿದರು: "ಅರ್ಧ ಮಕ್ಕಳಿಗೆ ನಿಜವಾದ ತರಬೇತಿ. ಇನ್ನರ್ಧ ಮಕ್ಕಳು ಸುಮ್ಮನೆ ಪರದೆ ನೋಡ್ತಾರೆ ಅಷ್ಟೇ. ಯಾರು ಯಾವುದರಲ್ಲಿ ಇದ್ದಾರೆ ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಎಲ್ಲ ಮುಗಿದ ಮೇಲೆ ಹೇಳ್ತೇವೆ. ಸುಮ್ಮನೆ ನೋಡಿದ ಮಕ್ಕಳಿಗೆ ಆಮೇಲೆ ನಿಜವಾದದ್ದನ್ನೂ ಕೊಡ್ತೇವೆ. ಒಪ್ಪಿಗೆ ಇದ್ದರೆ ಮಾತ್ರ."

ಯಾಸ್ನಾ ಒಪ್ಪಿದಳು. ಹೊರಗೆ ಬಂದ ಮೇಲೆ ನಾನು ಅದನ್ನೇ ಮತ್ತೆ ಹೇಳಿದೆ, ಅರ್ಧ ಮಕ್ಕಳಿಗೆ ನಿಜವಾದದ್ದು ಸಿಗಲ್ಲ ಅಂತ.

"ಕೇಳಿಸ್ತು ಬಿಡು," ಎಂದಳು. "ಇಷ್ಟು ದಿನ ಎಲ್ಲದರಲ್ಲೂ ನಾನೇ ಆ ಇನ್ನರ್ಧ. ಈ ಸಲನೂ ಹಾಗೇ ಆಗಬೇಕು ಅಂತ ಎಲ್ಲಿದೆ?"

ತರಬೇತಿ ಕೊಡುತ್ತಿದ್ದವಳು ಮೊನ್ಸೆ ಎಂಬ ಎಳೆಯ ವಯಸ್ಸಿನ ವಿದ್ಯಾರ್ಥಿನಿ. ಮಕ್ಕಳ ಕೂದಲು ಬಿಡಿಸಿ ಅಂಟು ಹಚ್ಚುವಾಗ ಹಾಡು ಗುನುಗುತ್ತಿದ್ದಳು. ಐಲಿನ್ ಮೊದಲ ದಿನ ಕುರ್ಚಿಯ ಕೆಳಗೆ ಹೊಕ್ಕಳು, ಕಿವಿಗೆ ಸಿಕ್ಕಿಸಿದ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿಕೊಂಡಳು. ಪರದೆ ಹೊತ್ತಿಕೊಂಡಿತು. ಹೊಳೆ, ಎರಡು ದಡ, ಮಧ್ಯೆ ಕೆಂಪು ದೋಣಿ.

"ಹುಟ್ಟೂ ಇಲ್ಲ, ಇಂಜಿನ್ನೂ ಇಲ್ಲ," ಎಂದಳು ಮೊನ್ಸೆ. "ನಿನ್ನ ತಲೆಯಿಂದಲೇ ಹೋಗಬೇಕು."

ಐಲಿನ್ ಬಾಯಿ ಮುಚ್ಚಿ ನೋಡಿದಳು. ದೋಣಿ ಅಲುಗಿತು. ಸ್ವಲ್ಪ ಹೋಯಿತು, ನಿಂತಿತು, ಮತ್ತೆ ಹೋಯಿತು. ಬಾಗಿಲಿನ ಗಾಜಿನಾಚೆ ನಿಂತಿದ್ದ ಯಾಸ್ನಾ ಮಗಳ ಬೆನ್ನು ಅಷ್ಟು ಹೊತ್ತು ಅಲುಗದೆ ಇದ್ದುದನ್ನು ಅದೇ ಮೊದಲು ನೋಡಿದ್ದು. ಹೊರಗೆ ಬಂದ ಐಲಿನ್ ಅಮ್ಮನ ಸೊಂಟ ಹಿಡಿದು, "ನಾನೇ ನಡೆಸಿದ್ದು. ಕೈ ಹಾಕಲೇ ಇಲ್ಲ," ಎಂದಳು. ತಲೆಯ ಅಂಟು ಒಣಗಿ ಕೂದಲು ಕೋಡಿನಂತೆ ನಿಂತಿತ್ತು. ತೊಳೆಯಲು ಬಿಡಲಿಲ್ಲ.

ವಾರವಾರವೂ ಹೋದರು. ದೋಣಿ ಸೇತುವೆ ದಾಟಿತು, ಕೊಲ್ಲಿ ಮುಟ್ಟಿತು, ಒಂದು ದಿನ ಕಡಲಿಗೂ ಹೋಯಿತು. ಮಾರುಕಟ್ಟೆಗೆ ಬಂದು ಅವಳು ನಮಗೆಲ್ಲ ಅದನ್ನು ವಿವರಿಸುತ್ತಿದ್ದಳು. "ತಲೆ ಒಳಗೆ ಒಂದು ಜಾಗ ಇದೆ ಎಲ್ಬಕ್ಕ. ಅಲ್ಲಿ ಒತ್ತಬಾರದು, ಸುಮ್ನೆ ಇಟ್ಕೋಬೇಕು. ಒತ್ತಿದ್ರೆ ನಿಂತೋಗುತ್ತೆ." ಮನೆಯಲ್ಲೂ ಹಾಗೇ ಮಾಡತೊಡಗಿದಳು. ಲೆಕ್ಕ ಮಾಡುವಾಗ ಕಣ್ಣು ಮುಚ್ಚಿ, "ತಾಳಮ್ಮ, ದೋಣಿ ಬಿಡ್ತಿದೀನಿ" ಎನ್ನುವಳು. ಆಮೇಲೆ ಲೆಕ್ಕ ಮುಗಿಸುವಳು. ಸಂಜೆ ಮೇಜಿನ ಮುಂದೆ ಕೂತು ಎರಡು ರೊಟ್ಟಿ ತಿನ್ನುವಳು.

ಶಾಲೆಯಲ್ಲೂ ಗೊತ್ತಾಯಿತು. ಒಂದು ಬೆಳಿಗ್ಗೆ ಮಿಸ್ ತಾವೇ ಮೇಜನ್ನು ಎತ್ತಿ ಬೇರೆ ಮಕ್ಕಳ ಸಾಲಿಗೆ ತಂದರು. ವಸಂತದಲ್ಲಿ ಪೋಷಕರ ಮುಂದೆ ಮಕ್ಕಳು ಪಾಠ ಓದುವ ದಿನ ಐಲಿನ್ ಪೂರ್ತಿ ಒಂದು ಪುಟ ಓದಿದಳು. ನಡುವೆ ಒಂದು ಸಲ ನಿಂತು, ಕಣ್ಣು ಮುಚ್ಚಿ, ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಮುಗಿದ ಮೇಲೆ ಮಿಸ್ ಯಾಸ್ನಾಳ ಕೈ ಹಿಡಿದು, "ಏನು ಮಾಡಿದ್ರಿ ನೀವು?" ಎಂದರಂತೆ.

"ನಾನೇನೂ ಇಲ್ಲ ಮಿಸ್," ಎಂದಳಂತೆ ಇವಳು. "ಅವಳೇ."

ಆ ದಿನಗಳಲ್ಲಿ ಯಾಸ್ನಾ ಮಾರುಕಟ್ಟೆಯನ್ನೇ ತಲೆಯ ಮೇಲೆ ಹೊತ್ತಿದ್ದಳು. ಬಂದವರಿಗೆಲ್ಲ ಮಗಳ ಕತೆ. ಏಡಿ ಮಾರುವ ಮುದುಕ ಒಸ್ವಾಲ್ದೋ, "ನಮ್ಮ ಬೋಟಿನ ಇಂಜಿನ್ ಕೆಟ್ಟಿದೆ, ಚಿಗಟಾನ ಸ್ವಲ್ಪ ಕಳಿಸು ಮಾರಾಯ್ತಿ" ಎಂದರೆ, "ನಿನ್ನ ಬೋಟು ಎಳೆಯೋಕೆ ನನ್ನ ಮಗಳ ಮೆದುಳು ಬೇಕಾ? ಹೋಗಯ್ಯ, ನಿನ್ನ ಏಡಿಗಳಿಗೆ ಹೇಳು" ಎನ್ನುವಳು. ನಾನು ಅವಳನ್ನು ಅಷ್ಟು ಚೆಲುವಾಗಿ ಹಿಂದೆಂದೂ ಕಂಡಿರಲಿಲ್ಲ.

ಬೇಸಿಗೆ ರಜೆಯ ಹೊತ್ತಿಗೆ ಪ್ರಯೋಗ ಮುಗಿಯಿತು. ಒಬ್ಬೊಬ್ಬ ಪೋಷಕರನ್ನೂ ಬೇರೆಬೇರೆಯಾಗಿ ಕರೆದರು. ಯಾಸ್ನಾ ಡಾಕ್ಟರಿಗೆಂದು ದೊಡ್ಡ ಮೀನೊಂದನ್ನು ಶುಚಿ ಮಾಡಿ ಕಾಗದದಲ್ಲಿ ಸುತ್ತಿಕೊಂಡಿದ್ದಳು. ಈ ಸಲವೂ ನಾನು ಜೊತೆಗಿದ್ದೆ.

"ಐಲಿನ್ ಎರಡನೇ ಗುಂಪಿನಲ್ಲಿದ್ದಳು," ಎಂದರು ಡಾಕ್ಟರ್ ವೈಸ್.

"ಎರಡನೇದು ಅಂದ್ರೆ?"

"ಸುಮ್ಮನೆ ಪರದೆ ನೋಡಿದ ಗುಂಪು."

ಯಾಸ್ನಾ ಮೊದಲು ನಕ್ಕಳು. "ಇಲ್ಲ ಡಾಕ್ಟ್ರೇ. ಬೇರೆ ಯಾರದ್ದೋ ನೋಡಿದ್ದೀರಿ. ದೋಣಿ ಹೋಗ್ತಿತ್ತು. ನಾನೇ ಗಾಜಿನಿಂದ ನೋಡಿದ್ದೀನಿ."

"ಹೋಗ್ತಿತ್ತು. ಅದು ಹಿಂದೆ ಇನ್ನೊಂದು ಮಗು ಕೂತಾಗ ರೆಕಾರ್ಡ್ ಮಾಡಿಟ್ಟಿದ್ದು. ಆ ಮಗು ನಡೆಸಿದ ಹಾಗೆಯೇ ಐಲಿನ್ ಮುಂದೆ ದೋಣಿ ನಡೀತಿತ್ತು. ಅವಳ ತಲೆಯ ತಂತಿಗೂ ಆ ದೋಣಿಗೂ ಸಂಬಂಧ ಇರಲಿಲ್ಲ."

ಮೂಲೆಯಲ್ಲಿ ಕೂತಿದ್ದ ಮೊನ್ಸೆ ತಲೆ ತಗ್ಗಿಸಿದಳು. ಅವಳಿಗೂ ಹಿಂದಿನ ದಿನವಷ್ಟೇ ಗೊತ್ತಾಗಿತ್ತಂತೆ.

"ಹಾಗಾದ್ರೆ ಅವಳು ಓದಿದ್ದು?" ಎಂದಳು ಯಾಸ್ನಾ. "ಮೇಜು ತಿರುಗಿಸಿದ್ದು? ಅದೂ ರೆಕಾರ್ಡಾ?"

"ಅಲ್ಲ, ಅದು ನಿಜ. ಅವಳು ಸುಧಾರಿಸಿದ್ದಾಳೆ. ಎರಡೂ ಗುಂಪಿನ ಮಕ್ಕಳೂ ಸುಮಾರು ಒಂದೇ ಹಾಗೆ ಸುಧಾರಿಸಿದ್ದಾರೆ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಾರವಾರ ಬರೋದು, ಒಬ್ಬರು ಪಕ್ಕದಲ್ಲಿ ಕೂತು ಪ್ರೀತಿಯಿಂದ ಮಾತಾಡಿಸೋದು, ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ ಹುಟ್ಟೋದು, ಇದರಿಂದಲೇ ಆಗಿರಬಹುದು. ತರಬೇತಿಯಿಂದ ಹೆಚ್ಚಿಗೆ ಏನಾದರೂ ಆಗಿದೆಯಾ ಅಂತ ಹುಡುಕಿದೆವು. ನಮಗೆ ಸಿಕ್ಕಿಲ್ಲ."

ನನಗೆ ಅರ್ಥವಾಯಿತು. ಯಾಸ್ನಾಳಿಗೆ ಅರ್ಧ ಅರ್ಥವಾಯಿತು, ಅರ್ಧವನ್ನು ಅವಳು ಬೇಕೆಂದೇ ಬಿಟ್ಟಳು. ದಾರಿಯಲ್ಲಿ ಬರುತ್ತ, "ಸುಳ್ಳು ದೋಣಿಗೇ ಇಷ್ಟಾದ್ರೆ ನಿಜವಾದ್ದಕ್ಕೆ ಎಷ್ಟಾಗಬೇಡ," ಎಂದಳು. ಕೊಡುತ್ತೇವೆ ಎಂದಿದ್ದ ತರಬೇತಿಯನ್ನು ಕೊಡಲು ತಂಡ ಸಿದ್ಧವಿತ್ತು. ಮಗುವಿಗೆ ಮೊದಲೇ ನಿಜ ಹೇಳಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು, ಆದರೆ ತೀರ್ಮಾನ ತಾಯಿಯದೇ ಎಂದೂ ಸೇರಿಸಿದ್ದರು. ಯಾಸ್ನಾ ಹೇಳಲಿಲ್ಲ. "ಇನ್ನೂ ಸ್ವಲ್ಪ ದಿನ ಇದೆಯಂತೆ ಮಗಾ," ಎಂದಷ್ಟೇ ಹೇಳಿ ಕರೆದೊಯ್ದಳು. ಐಲಿನ್ ಕುಣಿಯುತ್ತ ಹೋದಳು.

ಅದೇ ಕುರ್ಚಿ, ಅದೇ ಕೆಂಪು ದೋಣಿ. ಅವಳು ಕೂತು, ತಲೆಯೊಳಗಿನ ಆ ಜಾಗವನ್ನು ಹಿಡಿದು, ಕಾದಳು. ದೋಣಿ ಅಲುಗಲಿಲ್ಲ.

"ಕೆಟ್ಟಿದೆ," ಎಂದಳು.

ಮೊನ್ಸೆ ತಂತಿ ಸರಿಪಡಿಸಿದಳು, ಸುಲಭವಾಗಲೆಂದು ಯಂತ್ರದ ಮಟ್ಟ ಇಳಿಸಿದಳು. ದೋಣಿ ಒಂದು ಸಲ ನಡುಗಿ ನಿಂತಿತು. ಮುಂದಿನ ಸಲವೂ ಹಾಗೇ. ಹೊಸದಾಗಿ ಬರುವ ಮಗುವಿಗೆ ಅದು ಸಾಮಾನ್ಯ. ನಿಧಾನವಾಗಿ ಬರುತ್ತದೆ, ಎಷ್ಟೋ ಮಕ್ಕಳಿಗೆ ಬರುವುದೂ ಇಲ್ಲ. ಐಲಿನ್ ಹೊಸಬಳಲ್ಲ. ಅವಳು ಕಡಲಿನವರೆಗೆ ಹೋಗಿ ಬಂದವಳು.

"ನಾನು ಒತ್ತುತಾ ಇಲ್ಲ ಮೊನ್ಸೆ ಅಕ್ಕಾ," ಎಂದಳಂತೆ. "ಮುಂಚಿನ ಹಾಗೇ ಇಟ್ಕೊಂಡಿದೀನಿ. ಯಾಕೆ ಹೋಗ್ತಿಲ್ಲ?"

ಮೊನ್ಸೆ ಏನು ಹೇಳಬೇಕು? ತಾಯಿ ಹೇಳಿಲ್ಲವೆಂದು ಅವಳಿಗೆ ಗೊತ್ತಿತ್ತು. "ಇವತ್ತು ಸುಸ್ತಾಗಿರಬೇಕು ಚಿನ್ನ," ಎಂದಳು.

ಮಾರ್ಚಿನಲ್ಲಿ, ನಮ್ಮ ಕಡೆಯ ಶರತ್ಕಾಲದಲ್ಲಿ, ಶಾಲೆ ಶುರುವಾಯಿತು. ಐಲಿನ್ ತರಗತಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು, ಆದರೆ ತೆರೆದ ಮೇಲೆ ಲೆಕ್ಕ ಮಾಡುತ್ತಿರಲಿಲ್ಲ. ಮೊದಲು ಪೆನ್ಸಿಲು ಮುರಿದಳು, ಆಮೇಲೆ ಪಕ್ಕದ ಹುಡುಗಿಯ ಪೆನ್ಸಿಲು. ಒಂದು ದಿನ ಮೇಜಿಗೆ ಹಣೆ ಬಡಿದುಕೊಂಡಳು. ಮಿಸ್ ತಡೆದರೆ, "ಒಳಗೆ ಸಿಕ್ಕಾಕೊಂಡಿದೆ, ಬಿಡಿಸ್ತಿದೀನಿ" ಎಂದಳಂತೆ. ಮಿಸ್ ಹೆದರಿ ಯಾಸ್ನಾಳನ್ನು ಕರೆಸಿದರು.

ಅವತ್ತು ಮಧ್ಯಾಹ್ನವೇ ಯಾಸ್ನಾ ಮಗಳನ್ನು ಕರೆದುಕೊಂಡು ಕಟ್ಟೆಗೆ ಬಂದಳು. ಮಾರಾಟ ಮುಗಿದಿತ್ತು. ಹಲಗೆ ತೊಳೆಯುವ ನೀರಿನ ಪೈಪು ಹಿಡಿದುಕೊಂಡೇ ಹೇಳಿದಳು. ನಾನು ಈ ಕಡೆ ಸರ ಕಟ್ಟುತ್ತಿದ್ದೆ, ಎದ್ದು ಹೋಗಬೇಕೆಂದುಕೊಂಡರೂ ಹೋಗಲಾಗಲಿಲ್ಲ.

"ನಿನ್ನ ತಲೆ ಕೆಟ್ಟಿಲ್ಲ ಮಗಾ. ಮುಂಚೆ ಇದ್ದದ್ದು ನಿಜವಾದ ದೋಣಿ ಅಲ್ಲ. ಬೇರೆ ಮಗು ನಡೆಸಿದ್ದನ್ನ ನಿನಗೆ ತೋರಿಸ್ತಿದ್ರು. ಈಗಿಂದು ನಿಜವಾದ್ದು. ಅದಕ್ಕೇ ಕಷ್ಟ."

ಐಲಿನ್ ಅಲುಗದೆ ಕೇಳಿದಳು. ಅಷ್ಟು ಗಮನವಿಟ್ಟು ಅವಳು ಯಾವುದನ್ನೂ ಕೇಳಿದ್ದು ನನಗೆ ನೆನಪಿಲ್ಲ.

"ಯಾವಾಗಲೂನಾ?" ಎಂದಳು.

"ಯಾವಾಗಲೂ."

"ಕಡಲಿಗೆ ಹೋಗಿದ್ದು?"

ಯಾಸ್ನಾ ತಲೆಯಾಡಿಸಿದಳು. ನೀರು ಅವಳ ಬೂಟಿನ ಮೇಲೇ ಸುರಿಯುತ್ತಿತ್ತು. "ಆದರೆ ಓದಿದ್ದು ನೀನೇ ಕಣೇ. ಲೆಕ್ಕ ಮಾಡಿದ್ದು ನೀನೇ. ಅದನ್ನ ಯಾರೂ ರೆಕಾರ್ಡ್ ಮಾಡಿರಲಿಲ್ಲ. ಡಾಕ್ಟ್ರೇ ಹೇಳಿದಾರೆ."

"ಅದು ದೋಣಿ ಬಿಡ್ತಾ ಮಾಡಿದ್ದು," ಎಂದಳು ಐಲಿನ್. "ದೋಣಿ ಇರ್ಲಿಲ್ವಲ್ಲ."

ಯಾಸ್ನಾ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಹುಡುಗಿ ಕೇಳಿದಳು:

"ಆ ಮಗು ಈಗ ಚೆನ್ನಾಗಿದೆಯಾ?"

"ಯಾವ ಮಗು?"

"ದೋಣಿ ನಡೆಸಿದ್ದು."

"ಗೊತ್ತಿಲ್ಲ ಮಗಾ."

"ಕೇಳು ಅವರನ್ನ."

ಯಾಸ್ನಾ ಕೇಳಿದಳು. ಆ ಮಕ್ಕಳ ವಿವರ ಹೇಳುವಂತಿಲ್ಲ ಎಂದರು. ನಿಯಮವೇ ಹಾಗೆ. ಐಲಿನ್ ಆಮೇಲೆ ಆ ಮರದ ಮನೆಗೆ ಹೋಗಲು ಒಪ್ಪಲಿಲ್ಲ. ಎಳೆದುಕೊಂಡು ಹೋದರೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಅಳುವುದೂ ಇಲ್ಲ, ಕೂಗುವುದೂ ಇಲ್ಲ. ಮೊನ್ಸೆ ಹೊರಗೆ ಬಂದು ಪಕ್ಕದಲ್ಲಿ ಕೂತರೆ ಆಚೆ ಸರಿಯುವಳು. ಯಾಸ್ನಾ ಕೂಡ ಕೊನೆಗೆ ಒತ್ತಾಯ ಬಿಟ್ಟಳು.

ಚಳಿ ಹೆಚ್ಚುವ ಮೊದಲೇ ತಂಡ ಗಂಟುಮೂಟೆ ಕಟ್ಟಿತು. ಮನೆಯ ಕಿಟಕಿಗೆ ಬಾಡಿಗೆಗಿದೆ ಎಂಬ ಹಲಗೆ ಬಂತು. ಹೊರಡುವ ಮುನ್ನ ಮೊನ್ಸೆ ಮಾರುಕಟ್ಟೆಗೆ ಬಂದು ಯಾಸ್ನಾಳ ಕಟ್ಟೆಯ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು.

"ನಾನೂ ನಂಬಿದ್ದೆ," ಎಂದಳು. "ಅವಳು ನಡೆಸ್ತಿದ್ದಾಳೆ ಅಂತಲೇ ಅಂದುಕೊಂಡಿದ್ದೆ."

"ನಿನ್ನ ತಪ್ಪಿಲ್ಲ ತಾಯಿ," ಎಂದಳು ಯಾಸ್ನಾ. "ಯಾರದ್ದೂ ತಪ್ಪಿಲ್ಲ. ತಪ್ಪು ಯಾರದ್ದಾದರೂ ಇದ್ದಿದ್ರೆ ಹಿಡಿದು ನಾಲ್ಕು ಬಾರಿಸಬಹುದಿತ್ತು." ಹೇಳಿ ಒಂದು ಮೀನು ಸೀಳಿ ಕಟ್ಟಿಕೊಟ್ಟಳು. ಮೊನ್ಸೆ ಅದನ್ನು ಎದೆಗೆ ಅವುಚಿಕೊಂಡು ಹೋದಳು.

ವರ್ಷದ ಕೊನೆಯಲ್ಲಿ ಐಲಿನ್ ತರಗತಿಯಲ್ಲಿ ಹಿಂದುಳಿದಳು. ಮುಂದಿನ ಮಾರ್ಚಿಗೆ ಅವಳಿಗೆ ಹೊಂದುವ ಬೇರೆ ಶಾಲೆ ನೋಡಿಕೊಳ್ಳಿ ಎಂದು ಶಾಲೆಯವರು ಮೆತ್ತಗೆ ಹೇಳಿದರು. ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರು ಬೇರೊಂದು ಔಷಧಿ ಕೊಟ್ಟಿದ್ದಾರೆ. ಹಸಿವು ಸಾಯುವುದಿಲ್ಲ, ಗುಣವೂ ಅಷ್ಟಕ್ಕಷ್ಟೇ. ಈಗ ಅವಳು ಊರಾಚೆಯ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ಗಲಾಟೆ ಮಾಡುವುದಿಲ್ಲ ಎಂದು ಅಲ್ಲಿನವರಿಗೆ ಸಮಾಧಾನ. ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಏನಾದರೂ ಕೇಳಿದರೆ, "ನನಗೆ ಆಗಲ್ಲ ಮಿಸ್" ಎನ್ನುತ್ತಾಳೆ, ಸಿಟ್ಟಿಲ್ಲದೆ, ನನ್ನ ಹತ್ತಿರ ಪೆನ್ನಿಲ್ಲ ಎನ್ನುವ ಹಾಗೆ. ಮಾರುಕಟ್ಟೆಯಲ್ಲಿ ಅವಳನ್ನು ಯಾರೂ ಚಿಗಟ ಎನ್ನುವುದಿಲ್ಲ. ಯಾರೂ ಬೇಡವೆಂದು ಹೇಳಿರಲಿಲ್ಲ, ತಾನಾಗಿಯೇ ನಿಂತುಹೋಯಿತು.

ಯಾಸ್ನಾ ದಿನವೂ ಬರುತ್ತಾಳೆ, ಮೀನು ಸೀಳುತ್ತಾಳೆ. ಯಾರಾದರೂ ಮೀನು ಒತ್ತಿ ನೋಡಿದರೆ ನೋಡಲಿ ಎಂದು ಬಿಡುತ್ತಾಳೆ. ಹೋದ ವಾರ ಜನ ಕಡಿಮೆಯಿದ್ದಾಗ ನನ್ನ ಕಡೆ ತಿರುಗದೆಯೇ ಕೇಳಿದಳು:

"ನಾನು ಹೇಳದೇ ಇದ್ದಿದ್ರೆ ಚೆನ್ನಾಗಿತ್ತಾ ಎಲ್ಬಕ್ಕ?"

"ಹೇಳದೇ ಇದ್ದಿದ್ರೆ ಅವಳು ತಲೆ ಒಡ್ಕೋತಿದ್ಲು," ಎಂದೆ.

"ಹ್ಞೂ," ಎಂದಳು. "ಮೊದಲೇ, ಬೇಸಿಗೆಯಲ್ಲೇ, ನಿಜವಾದ ದೋಣಿ ಬೇಡ, ಇಷ್ಟೇ ಸಾಕು ಅಂತ ನಿಲ್ಲಿಸಿಬಿಟ್ಟಿದ್ರೆ? ಅವಳು ಇನ್ನೂ ನಡೆಸ್ತಾನೇ ಇರ್ತಿದ್ಲಲ್ಲ."

ನಾನು ಕೈಯಲ್ಲಿದ್ದ ಸರದ ಗಂಟು ಬಿಗಿದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಮೆರ್ಲುಸಾ ಮೀನು ತಾಜಾ ಇದೆಯೇ ಎಂದು ಕೇಳಿದಳು. ಯಾಸ್ನಾ ಇದೆ ಎಂದಳು, ಒಂದನ್ನು ಎತ್ತಿ ತಕ್ಕಡಿಗಿಟ್ಟಳು.